ಸಾಲಿನ ಕೊನೆಯವಳು

ನಮ್ಮೂರಿನ ರೊಟ್ಟಿ ಅಂಗಡಿಗೆ ಯಾರು ಕಾಲಿಟ್ಟರೂ ಯಾರ ಹಿಂದೆ ನಿಲ್ಲಬೇಕೆಂದು ತಿಳಿಯಲು ಮೊದಲು ಕೇಳುವುದು "ಕೊನೆಯವರು ಯಾರು?" ಎಂದು, ಉತ್ತರ ಮಾತ್ರ ಯಾವಾಗಲೂ ಅಗ್ನಿಯಾಳದು: "ನಾನೇ. ನೀವು ಮುಂದೆ ಹೋಗಿ." ಎಂಟುನೂರು ಮೀಟರ್ ಓಟದಲ್ಲಿ ಇಡೀ ರಷ್ಯಾಕ್ಕೇ ಮೊದಲು ಬಂದವಳು, ಚೌಕದ ಗೌರವಫಲಕದಲ್ಲಿ ಆಳೆತ್ತರದ ಚಿತ್ರವಾಗಿ ನಿಂತಿದ್ದವಳು, ಈಗ ಮುದುಕಿಯರನ್ನು, ಕುಂಟರನ್ನು, ಕಂಕುಳಲ್ಲಿ ಬೆಕ್ಕು ಇರುಕಿಕೊಂಡು ಬಂದವರನ್ನೂ ಮುಂದೆ ಬಿಟ್ಟು, ಕರಿರೊಟ್ಟಿ ತೀರಿದ ಮೇಲೆ ಬರಿಗೈಲಿ ಮನೆಗೆ ಹೋಗುತ್ತಾಳೆ. ಬಸ್ಸಿಗೂ ಹಾಗೆಯೇ, ಊರಿನ ಸ್ನಾನದ ಮನೆಯಲ್ಲೂ ಹಾಗೆಯೇ. "ಏ ಚಾಂಪಿಯನ್ನು, ನೀನು ಹಿಂಗೆ ನಿಂತ್ರೆ ನಾನು ಬಾಗಿಲು ಹಾಕೋದು ಯಾವಾಗ?" ಎಂದು ಅಂಗಡಿಯ ಫಾಯಿನಾ ಗದರುತ್ತಾಳೆ. "ಮದ್ದು ತಿಂದು ಓಡಿದೋರು ನೂರು ಜನ, ಸಿಕ್ಕಿಬಿದ್ದೋಳು ನೀನೊಬ್ಳು. ಪದಕ ಹೋದ್ರೆ ಹೋಯ್ತು, ಬಾರೇ ಮುಂದಕ್ಕೆ!" ಅಗ್ನಿಯಾ ನಕ್ಕು, ಬಗ್ಗಿ ಬೂಟಿನ ದಾರ ಬಿಗಿದು, ಅಲ್ಲೇ ನಿಲ್ಲುತ್ತಾಳೆ. ಉದ್ದೀಪನ ಮದ್ದಿನ ವಿಚಾರಣೆಯಲ್ಲಿ "ಕೊಟ್ಟವರು ಯಾರು?" ಎಂದು ಮೂರು ದಿನ ಕೇಳಿದಾಗಲೂ ಅವಳು ಹೇಳಿದ್ದು ಒಂದೇ ಮಾತು: "ನಾನೇ ತಿಂದೆ." ವಿಟಮಿನ್ ಕಣಮ್ಮಾ ಎಂದು ಚಹಾದ ಜೊತೆ ಆ ಗುಳಿಗೆ ಕೊಡುತ್ತಿದ್ದವನು ನಾನು, ಅವಳಿಗೆ ಓಟ ಕಲಿಸಿದವನು. ಫಲಕದಿಂದ ಅವಳ ಚಿತ್ರ ಇಳಿಸಿದರು. ನನ್ನದು ಇನ್ನೂ ಇದೆ. ನಿನ್ನೆ ಅಂಗಡಿಯ ಬಾಗಿಲಲ್ಲಿ ನಿಂತು, ಕೊನೆಯವರು ಯಾರೆಂದು ಕೇಳಿದೆ. "ನಾನೇ, ಗುರುಗಳೇ. ನೀವು ಮುಂದೆ ಹೋಗಿ," ಎಂದಳು. ಹೋದೆ; ಉಳಿದಿದ್ದ ಒಂದೇ ಒಂದು ರೊಟ್ಟಿಯನ್ನೂ ಕೊಂಡುಕೊಂಡು ಬಂದೆ.