ಅವ್ವ ಏಣಿ ತೆಗೆದಿಟ್ಟಾಗ

ಗೆಳೆಯರೇ, ಇವತ್ತು ಪಾಳ್ಯದ ನಮ್ಮ ಮನೆಯ ಹೆಂಚಿನ ಮೇಲೆ ಒಬ್ಬ ಮನುಷ್ಯ ಇರುವಾಗಲೇ ನಮ್ಮವ್ವ ಏಣಿ ತೆಗೆದಳು. ತೆಗೆದು ಅಂಗಳದಲ್ಲಿ ಮಲಗಿಸಿ, ಅದರ ಮೇಲೆಯೇ ಕುಳಿತಳು.

ಮೇಲಿದ್ದವನು ಹಾಸನದ ಫಿಟರ್ ರಫೀಕ್. ಬಾಣಂತಿ ತಂಗಿಯ ಕೋಣೆಗೆ ಕಿಟಕಿಯಿಲ್ಲ, ಬಲ್ಬಿಗೆ ಅವ್ವನ ಅಪ್ಪಣೆಯಿಲ್ಲ. ಹಗಲು ರಾತ್ರಿ ತಿಳಿಯದೆ ತಂಗಿ ಅಳುತ್ತಿದ್ದಳು. ಸೂರಿನಿಂದ ಒಳಮೈ ಕನ್ನಡಿಯಂತೆ ಹೊಳೆಯುವ ಕೊಳವೆ ಇಳಿಸಿ ಬಿಸಿಲು ತರಿಸೋಣವೆಂದು ನಾನೇ ರಫೀಕನನ್ನು ಕರೆಸಿದ್ದೆ. ಕೊಳವೆ ಕೂತಿತ್ತು. ಅದರ ಬಾಯಿಗೆ ಮುಚ್ಚಿದ್ದ ಗೋಣಿಚೀಲ ತೆಗೆದು ಗಾಜು ಕೂರಿಸುವುದಷ್ಟೇ ಬಾಕಿ.

"ಬಾಣಂತಿಗೆ ಗಾಳಿ, ಬೆಳಕು ತಾಕಬಾರ್ದು ಕಣೋ. ತೂತು ಮುಚ್ಚಲಿ, ಏಣಿ ಕೊಡ್ತೀನಿ. ಇಲ್ದಿದ್ರೆ ಅಲ್ಲೇ ಇರ್ಲಿ!" ಎಂದಳು ಅವ್ವ ನನಗೆ.

"ಅಣ್ಣಾ, ಹೆಂಚು ಜಾರ್ತೈತೆ!" ಎಂದ ರಫೀಕ್.

ಒಳಗಿಂದ ತಂಗಿ ಕೂಗಿದಳು: "ಅವ್ವಾ, ಹೆತ್ತ ಮಗೀನ ಮುಖಾನೇ ನಾನಿನ್ನೂ ಸರಿಯಾಗಿ ನೋಡಿಲ್ಲ. ತೂತು ಮುಚ್ಸಿದ್ರೆ ಮಗ ಎತ್ಕೊಂಡು ಅಂಗಳಕ್ಕೇ ಬಂದ್ಬುಡ್ತೀನಿ!"

ಅವ್ವ ಗಾಬರಿಯಿಂದ ಒಳಗೆ ಓಡಿದಳು, ಹಿಂದೆಯೇ ನಾನು. ಅಷ್ಟರಲ್ಲಿ ರಫೀಕ್ ಗೋಣಿಚೀಲ ಕಿತ್ತುಬಿಟ್ಟ. ದುಂಡನೆಯ ಬೆಳಕು ಮಗುವಿನ ಮೇಲೆ ಬಿತ್ತು. ಮಗು ಆಕಳಿಸಿತು. ತಂಗಿ ಕಣ್ಣು ಕೀಳದೆ ನೋಡಿದಳು.

ಬೈಯಲು ಬಾಯಿ ತೆರೆದ ಅವ್ವ ಮಗುವಿನತ್ತ ಬಗ್ಗಿದಳು. "ಅಯ್ಯೋ, ಇದ್ಕೆ ನಿಮ್ಮಪ್ಪನ ಕಿವಿ ಬಂದೈತಲ್ಲೋ!" ಎಂದು ಮಗುವಿನ ಪಕ್ಕ ಕುಳಿತೇಬಿಟ್ಟಳು.

ಕೊಳವೆಯಿಂದ ರಫೀಕನ ದನಿ ಇಳಿಯಿತು: "ಅಮ್ಮಾ, ಏಣಿ!"

"ಮೆತ್ತಗೆ ಮಾತಾಡಪ್ಪ, ಮಗ ಬೆಚ್ಚುತ್ತೆ."

ಬೆಳಕು ಒಂದೇ ಕ್ಷಣಕ್ಕೆ ಇಳಿಯಿತು, ಗೆಳೆಯರೇ. ಅದನ್ನು ತಂದವನನ್ನು ಇಳಿಸಬೇಕೆಂದು ನಮಗೆ ನೆನಪಾದದ್ದು, ಅವನಿಗೆಂದು ಜಗುಲಿಯಲ್ಲಿಟ್ಟಿದ್ದ ಲೋಟದ ಕಾಫಿ ಆರಿದ್ದು ಕಂಡ ಮೇಲೆ.