ಉಂಡೆಯ ಅಳತೆಗೆ ಇನ್ನೊಂದು ನಾಯಿ

ದರ್ಜಿಯ ಎಡಗಾಲಿಗೆ ನೆಲೆ ತಪ್ಪಿತ್ತು. ಬಲಗಾಲು ಎಂದಿನಂತೆ ಹೊಲಿಗೆ ಯಂತ್ರದ ತುಳಿಹಲಗೆಯ ಮೇಲೆ ಇರುತ್ತಿತ್ತು. ಎಡಗಾಲು ಮಾತ್ರ ಒಮ್ಮೆ ಮುಂದಕ್ಕೆ ಚಾಚಿ, ಒಮ್ಮೆ ಕುರ್ಚಿಯ ಅಡಿಗೆ ಸರಿದು, ಎಲ್ಲಿಯೂ ನಿಲ್ಲದೆ ಅಲೆಯುತ್ತಿತ್ತು. ಕಾಲು ಅಲೆದ ಮೇಲೆ ಮನಸ್ಸು ಕೂರುವುದುಂಟೆ? ಅವನು ಎದ್ದು ಬಾಗಿಲಿಗೆ ಹೋಗುವನು. ಬೀದಿಯಲ್ಲಿ ನೋಡುವಂಥದ್ದು ಏನೂ ಇಲ್ಲವೆಂದು ಕಂಡು ಹಿಂದಿರುಗುವನು. ಬಾಯಾರದಿದ್ದರೂ ನೀರು ಕುಡಿಯುವನು. ಕುಳಿತು ಎರಡು ಗೇಣು ಹೊಲಿದು ಮತ್ತೆ ಏಳುವನು. ಗೋಡೆಯ ಕೊಕ್ಕೆಗಳಲ್ಲಿ ತೂಗುತ್ತಿದ್ದ ತೋಳಿಲ್ಲದ ಕೋಟುಗಳು ಇವನ ಈ ತಿರುಗಾಟವನ್ನು ಸಾಲಾಗಿ ನಿಂತು ನೋಡುತ್ತಿದ್ದಂತೆ ತೋರುತ್ತಿತ್ತು.

ಯಂತ್ರವನ್ನು ಎರಡೂ ಕಾಲಿನಿಂದ ತುಳಿಯಬೇಕು, ಒಂದೇ ಕಾಲಿನ ತುಳಿತ ಕುಂಟುತ್ತದೆ ಎಂದು ಕೆಲಸ ಕಲಿಸಿದ ಗುರು ಅವನಿಗೆ ಹೇಳಿದ್ದ. ಅವನು ಬಹುಕಾಲ ಹಾಗೆಯೇ ನಡೆದುಕೊಂಡವನು. ಆದರೆ ಒಂದು ಚಳಿಗಾಲದಲ್ಲಿ, ಬಟ್ಟೆಯ ಚೂರುಗಳನ್ನು ತುಂಬಿದ್ದ ಬುಟ್ಟಿಯೊಳಗೆ ಎಲ್ಲಿಂದಲೋ ಬಂದ ಕಂದುಬಣ್ಣದ ಮರಿಯೊಂದು ನೂಲಿನ ಉಂಡೆಯಂತೆ ಸುತ್ತಿಕೊಂಡು ಮಲಗಿತ್ತು. ಹೆಂಡತಿ ಅದನ್ನು ಉಂಡೆಯೆಂದು ಕರೆದಳು. ಹೆಸರು ಉಳಿಯಿತು, ನಾಯಿಯೂ ಉಳಿಯಿತು. ಬುಟ್ಟಿ ಹಿಡಿಸದಷ್ಟು ಬೆಳೆದ ಬಳಿಕ ಉಂಡೆ ಯಂತ್ರದ ಅಡಿಯ ಎಡಮೂಲೆಯನ್ನು ತನ್ನದಾಗಿಸಿಕೊಂಡಿತು. ದರ್ಜಿ ಎಡಗಾಲನ್ನು ಅದರ ಬೆನ್ನಿಗೆ ಒಪ್ಪಿಸಿ ಬಲಗಾಲೊಂದರಿಂದಲೇ ತುಳಿಯುವುದನ್ನು ಕಲಿತನು. ಪಾದದ ಕೆಳಗೆ ಆ ಬೆನ್ನು ಏರುವುದು, ಇಳಿಯುವುದು. ಅದಕ್ಕೆ ತಾಳವಾಗಿ ಹಲಗೆ ಏರುವುದು, ಇಳಿಯುವುದು. ಗುರುವಿನ ಮಾತು ಸುಳ್ಳಾಯಿತು. ಒಂಟಿಗಾಲಿನ ಹೊಲಿಗೆ ಎಳ್ಳಷ್ಟೂ ಕುಂಟಲಿಲ್ಲ.

ಮುದಿಯಾದ ಉಂಡೆ ಅದೇ ಮೂಲೆಯಲ್ಲಿ, ಅದೇ ಪಾದದ ಕೆಳಗೆ, ಒಂದು ಮಧ್ಯಾಹ್ನ ತೀರಿಕೊಂಡಿತು. ಬೆನ್ನು ಏರುವುದು ನಿಂತದ್ದು ದರ್ಜಿಗೆ ತಿಳಿಯದೆ ಹೋಗಲಿಲ್ಲ. ತಿಳಿದೂ ಅವನು ಕೈಯಲ್ಲಿದ್ದ ಹೊಲಿಗೆಯನ್ನು ತುದಿಯವರೆಗೂ ಓಡಿಸಿದನು. ದಾರ ಕತ್ತರಿಸಿದ ಮೇಲೆಯೇ ಬಗ್ಗಿ ನೋಡಿದನು. ಏಕೆ ಹಾಗೆ ಮಾಡಿದೆನೆಂದು ತನ್ನನ್ನು ತಾನು ಕೇಳಿಕೊಂಡಾಗಲೆಲ್ಲ ಅವನು ಕುರ್ಚಿ ಬಿಟ್ಟು ಏಳುತ್ತಿದ್ದನು. ಈ ಮಾತನ್ನು ಹೆಂಡತಿಗೂ ಹೇಳಿರಲಿಲ್ಲ.

ಹೀಗೆ ಏಳುತ್ತ ಕೂರುತ್ತ ಕಾಲ ಕಳೆಯಲು ಅದು ಬಿಡುವಿನ ಸಮಯವೂ ಆಗಿರಲಿಲ್ಲ. ಹೊಳೆಗೆ ಕಟ್ಟಿದ ಹೊಸ ಸೇತುವೆಯನ್ನು ತೆರೆಯುವ ದಿನ ನುಡಿಸಲಿದ್ದ ವಾದ್ಯಮೇಳದವರು ತಮ್ಮೆಲ್ಲರ ಕೋಟುಗಳನ್ನೂ ಅವನಿಗೇ ವಹಿಸಿದ್ದರು. ಬಟ್ಟೆಯೆಲ್ಲ ಕತ್ತರಿಸಿ ಆಗಿತ್ತು. ಮೇಳದ ಮುಖ್ಯಸ್ಥ ಒಮ್ಮೆ ಬಂದು ನೋಡಿ, "ಆಗದಿದ್ರೆ ಹೇಳಿಬಿಡಿ, ಬೇರೆ ಕಡೆ ಕೊಡ್ತೀನಿ" ಎಂದು ಮೆತ್ತಗೆ ಹೇಳಿ ಹೋಗಿದ್ದನು. ಕತ್ತರಿಸಿದ ಬಟ್ಟೆ ಹೊಲಿಯದೆ ಅಂಗಡಿಯ ಹೊಸ್ತಿಲು ದಾಟುವುದೆಂದರೆ ದರ್ಜಿಯ ಪಾಲಿಗೆ ಇದ್ದೂ ಸತ್ತಂತೆ. ಯಂತ್ರದ ಮುಂದೆ ಮೊದಲಿನಂತೆ ಕೂರಲು ತನ್ನಿಂದ ಆಗುವುದೋ ಇಲ್ಲವೋ ಎಂಬುದೊಂದೇ ಅವನನ್ನು ಹಗಲೆಲ್ಲ ಕೊರೆಯುತ್ತಿತ್ತು.

ಅವನ ಹೆಂಡತಿಯೂ ಆ ಕಸುಬಿನವಳೇ. ಗುಂಡಿ ಹಚ್ಚುವುದು, ಕಾಜ ಕಟ್ಟುವುದು ಅವಳ ಪಾಲಿನ ಕೆಲಸ. ಒಂದು ಬೆಳಗ್ಗೆ ಅವಳು ಕಹಳೆಯವನ ಕೋಟನ್ನು ಬೆಳಕಿಗೆ ಹಿಡಿದು ಅತ್ತ ಇತ್ತ ತಿರುಗಿಸಿದಳು.

"ರೀ, ಈ ಕೋಟು ಯಾರಿಗೆ? ಕೈ ಹಿಂದಕ್ಕೆ ಕಟ್ಕೊಂಡೇ ಹುಟ್ಟಿದವನಿಗಾ?"

"ಏನಾಯ್ತೇ?"

"ಎಡದ ತೋಳು ಬಲಕ್ಕಿದೆ, ಬಲದ್ದು ಎಡಕ್ಕಿದೆ. ಇದನ್ನ ಹಾಕ್ಕೊಂಡು ಅವನು ಕಹಳೆ ಊದಬೇಕಾದ್ರೆ ಬಾಯಿ ಬೆನ್ನಲ್ಲಿರಬೇಕು."

"ಕೊಡು, ಬಿಚ್ತೀನಿ."

"ಬಿಚ್ಚೋದೇ ಆಯ್ತಲ್ಲ ಈ ನಡುವೆ. ಇನ್ನೊಂದು ನಾಯಿ ತರೋಣ ರೀ."

"ನಾಯಿ ಅಂದ್ರೆ ಗುಂಡಿ ಅಂದ್ಕೊಂಡ್ಯೇನೇ, ಕಿತ್ತುಬಿತ್ತು, ಇನ್ನೊಂದು ಹಚ್ಚೋಣ ಅನ್ನೋಕೆ?"

"ಗುಂಡಿ ಹಚ್ಚೋಳು ನಾನು. ಕಳೆದುಹೋದಂಥದ್ದೇ ಗುಂಡಿ ಸಿಗಲ್ಲ ಅಂತ ನಿಮಗಿಂತ ಚೆನ್ನಾಗಿ ಗೊತ್ತು. ಹಾಗಂತ ಕೋಟನ್ನ ಎದೆ ತೆರೆದು ಬಿಡೋಕಾಗತ್ತಾ?"

ದರ್ಜಿ ಒಪ್ಪಿದನು. ಆದರೆ ಅವನ ಒಪ್ಪಿಗೆಯ ಒಳಗೆ ಬೇರೊಂದು ಲೆಕ್ಕವಿತ್ತು. ಗೋಡೆಯ ಮೊಳೆಯಲ್ಲಿ ಗಿರಾಕಿಗಳ ಕಾಗದದ ನಮೂನೆಗಳ ನಡುವೆ ಉಂಡೆಯ ಚಳಿಯಂಗಿಯ ನಮೂನೆಯೂ ನೇತಾಡುತ್ತಿತ್ತು: ಬೆನ್ನಿನ ಉದ್ದ, ಎದೆಯ ಸುತ್ತು, ಕತ್ತಿನ ಇಳಿಜಾರು, ಎಲ್ಲವನ್ನೂ ದಪ್ಪ ಕಾಗದದಲ್ಲಿ ಕತ್ತರಿಸಿದ್ದು. ಹೆಂಡತಿ ಮೆಟ್ಟಿಲೇರಿ ಮೇಲಿನ ಅಡುಗೆಮನೆಗೆ ಹೋದದ್ದನ್ನು ನೋಡಿ ಅವನು ಅದನ್ನು ಇಳಿಸಿ, ಮಡಿಸಿ, ಟೇಪಿನೊಡನೆ ಚೀಲದಲ್ಲಿ ಇಟ್ಟುಕೊಂಡನು.

ಅನಾಥ ನಾಯಿಗಳನ್ನು ಸಾಕುವ ಮನೆ ಊರಿನ ಅಂಚಿನಲ್ಲಿತ್ತು. ಹೆಂಡತಿಯ ತಮ್ಮ, ಬ್ರೆಡ್ಡು ಹಂಚುವ ವ್ಯಾನಿನ ಚಾಲಕ, ತನ್ನ ಸರದಿ ಮುಗಿಸಿ ಭಾವನನ್ನು ಕರೆದೊಯ್ದನು. ಬಾಗಿಲು ತೆರೆದೊಡನೆ ಬೊಗಳುವಿಕೆ ಅಲೆಯಂತೆ ಎದ್ದು ಬಂತು. ಅಲ್ಲಿದ್ದ ಒಂದೊಂದು ಜೀವವೂ ಯಾರಿಗೋ ಬೇಡವಾದದ್ದು. ಆದರೂ ಹೊಸಬರನ್ನು ಕಂಡು ಬಾಲವಾಡಿಸುವುದನ್ನು ಮರೆತದ್ದು ಒಂದೂ ಇರಲಿಲ್ಲ. ಇಷ್ಟು ಕ್ಷಮೆಯನ್ನು ಭಗವಂತನು ಮನುಷ್ಯರಿಗೇಕೆ ಹಂಚಲಿಲ್ಲವೋ, ಅವನೇ ಬಲ್ಲ. ದರ್ಜಿಗೆ ಆ ಬಾಲಗಳು ಕಾಣಲಿಲ್ಲ. ಅವನು ಗೂಡಿನಿಂದ ಗೂಡಿಗೆ ಬಗ್ಗುತ್ತ, ಬೆನ್ನಿನ ಮೇಲೆ ಕಾಗದ ಹಾಸುತ್ತ, ಎದೆಗೆ ಟೇಪು ಸುತ್ತುತ್ತ ನಡೆದನು. ಒಂದಕ್ಕೆ ಕತ್ತು ಗಿಡ್ಡ. ಮತ್ತೊಂದು ಎಲ್ಲದರಲ್ಲೂ ಸರಿಯಿತ್ತು, ಬೆರಳಗಲ ಉದ್ದವಾಯಿತು. ಅವನ ಕೈಯನ್ನು ನೆಕ್ಕುತ್ತಿದ್ದ ಬಿಳಿಯ ನಾಯಿಯನ್ನು ಅವನು ಅಳೆಯಲೇ ಇಲ್ಲ.

"ಭಾವ, ನಾಯಿ ಹುಡುಕ್ತಿದೀರೋ, ಅಳಿಯನನ್ನೋ?" ಎಂದ ಭಾವಮೈದುನ. "ಇನ್ನು ಓದೆಷ್ಟು, ಕೆಲಸ ಏನು ಅಂತ ಕೇಳೋದೊಂದು ಬಾಕಿ."

"ಬಾಯಿ ಮುಚ್ಕೊಂಡು ಆ ತುದಿ ಹಿಡ್ಕೋ."

ನಾಯಿಮನೆಯ ಮೇಲ್ವಿಚಾರಕಿ ಬೀಗದ ಕೈಗೊಂಚಲನ್ನು ಬೆರಳಲ್ಲಿ ಆಡಿಸುತ್ತ, "ಯಜಮಾನ್ರೇ, ಇಲ್ಲಿಗೆ ಬರೋರು ಕಣ್ಣು ನೋಡ್ತಾರೆ, ಹಲ್ಲು ನೋಡ್ತಾರೆ. ಎದೆ ಸುತ್ತಳತೆ ನೋಡಿದೋರು ನೀವೊಬ್ಬರೇ" ಎಂದಳು.

ಕಡೆಯ ಗೂಡಿನಲ್ಲಿ ಕಂದುಬಣ್ಣದ ಹೆಣ್ಣುನಾಯಿಯೊಂದು ಬಂದವರಿಗೆ ಬೆನ್ನು ಮಾಡಿ, ಹೊರಬಾಗಿಲ ಸಂದಿನ ಬೆಳಕನ್ನೇ ನೋಡುತ್ತ ಅತ್ತಿಂದಿತ್ತ ಅಲೆಯುತ್ತಿತ್ತು. ಮೇಲ್ವಿಚಾರಕಿ ಹಿಡಿದು ನಿಲ್ಲಿಸಿದಳು. ದರ್ಜಿ ನಮೂನೆ ಹಾಸಿದನು. ಹೆಗಲಿನಿಂದ ಬಾಲದ ಬುಡದವರೆಗೆ ಅದು ಅಚ್ಚೊತ್ತಿದಂತೆ ಕುಳಿತಿತು.

"ಇದೇ ಇರಲಿ."

"ಇವಳು ಒಂದು ಕಡೆ ನಿಲ್ಲೋಳಲ್ಲ, ಮೊದಲೇ ಹೇಳ್ತೀನಿ. ಬಾಗಿಲು ಹಾಕಿದ್ರೆ ಗಾಬರಿ ಬೀಳ್ತಾಳೆ. ಆ ಬಿಳಿಯದು ಸಾಧು, ನಿಮಗೆ ಒಗ್ಗತ್ತೆ."

"ಇದರ ಅಳತೆ ಸರಿಯಿದೆ."

ಅವಳು ದರ್ಜಿಯ ಮುಖ ನೋಡಿ, ಬಳಿಕ ಭಾವಮೈದುನನ ಮುಖ ನೋಡಿದಳು. "ಭಾನುವಾರದ ತನಕ ಇಟ್ಕೊಂಡು ನೋಡಿ. ಹೊಂದಲಿಲ್ಲ ಅಂದ್ರೆ ಇಲ್ಲಿಗೇ ತಂದುಬಿಡಿ."

ಮನೆಗೆ ಬಂದ ನಾಯಿ ಯಂತ್ರದ ಅಡಿಯ ಎಡಮೂಲೆಯನ್ನು ಒಮ್ಮೆ ಮೂಸಿ ಹಿಂದೆ ಸರಿಯಿತು. ದರ್ಜಿ ಉಂಡೆಯ ಹಳೆಯ ಚಾಪೆಯನ್ನು ಹಾಸಿದನು. ಅದು ಚಾಪೆಯನ್ನು ತುಳಿಯದೆ ಸುತ್ತುಹಾಕಿ ಹೋಯಿತು. ಯಂತ್ರ ತುಳಿದನು, ಅದು ಬಾಗಿಲಿಗೆ ಓಡಿ ಕೆರೆಯತೊಡಗಿತು. ಯಂತ್ರದ ಕಾಲಿಗೇ ಕಟ್ಟಿದನು; ಅದು ಜಗ್ಗಿದ ರಭಸಕ್ಕೆ ಮೇಜು ಅಲುಗಿ ಸೂಜಿ ಮುರಿಯಿತು. "ಉಂಡೆ" ಎಂದು ಕರೆದನು. ಅದು ಕಿವಿಯನ್ನೂ ತಿರುಗಿಸಲಿಲ್ಲ. ಅಂದಿನಿಂದ ಆ ಸಣ್ಣ ಅಂಗಡಿಯಲ್ಲಿ ಅಲೆಯುವವರು ಇಬ್ಬರಾದರು. ನಾಯಿ ಬಾಗಿಲಿಗೆ ಹೋದರೆ ಅವನು ಕಿಟಕಿಗೆ. ಅವನು ಬಾಗಿಲಿಗೆ ಬಂದರೆ ಅದು ಮೆಟ್ಟಿಲ ಬುಡಕ್ಕೆ. ಎದುರುಬದುರಾದಾಗ ಇಬ್ಬರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು.

"ಒಂದು ಬುಗುರಿ ಇದ್ದ ಮನೆಗೆ ಇನ್ನೊಂದು ಬುಗುರಿ ತಂದ್ರಿ" ಎಂದಳು ಹೆಂಡತಿ. ಕಹಳೆಯವನ ಕೋಟು ತೋಳು ಬಿಚ್ಚಿದ ಹಾಗೆಯೇ ತೂಗುತ್ತಿತ್ತು.

ಶನಿವಾರ ಸಂಜೆ ಚಳಿ ಹೆಚ್ಚಿತು. ದರ್ಜಿ ಪೆಟ್ಟಿಗೆಯಿಂದ ಉಂಡೆಯ ಚಳಿಯಂಗಿಯನ್ನು ತೆಗೆದು, ನಾಯಿಯನ್ನು ಮಂಡಿಗಳ ನಡುವೆ ಹಿಡಿದು ತೊಡಿಸಿದನು. ಎದೆಯ ಪಟ್ಟಿ ಸರಿಯಾಗಿ ತನ್ನ ತೂತಿಗೆ ಬಂತು. ಬೆನ್ನಿನ ಮೇಲೆ ಒಂದು ಸುಕ್ಕಿಲ್ಲ. ಅವನು ದೂರ ನಿಂತು, ಗಿರಾಕಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ ನೋಡುವಂತೆ, ತಲೆ ವಾಲಿಸಿ ನೋಡಿದನು.

ಅಷ್ಟರಲ್ಲಿ ಹೆಂಡತಿ ಚಹದ ಲೋಟಗಳನ್ನು ಹಿಡಿದು ಮೆಟ್ಟಿಲಿಳಿದು ಬಂದಳು. ಹಿಂದಿನಿಂದ ಆ ಅಂಗಿಯನ್ನು, ಆ ಬೆನ್ನನ್ನು ಕಂಡವಳ ಬಾಯಿಂದ "ಉಂಡೆ" ಎಂಬ ಮಾತು ತಾನಾಗಿಯೇ ಜಾರಿತು. ನಾಯಿ ತಿರುಗಿತು. ಅದು ಬೇರೊಂದು ಮುಖ. ಅವಳು ಲೋಟಗಳನ್ನು ಪಕ್ಕದಲ್ಲಿಟ್ಟು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು.

"ತೆಗೀರಿ ಅದನ್ನ."

"ಯಾಕೆ? ನೋಡು, ಎಲ್ಲೂ ಹಿಡಿದಿಲ್ಲ, ಎಲ್ಲೂ ಸಡಿಲ ಇಲ್ಲ."

"ನಾಯಿ ತರೋಣ ಅಂದೆ ನಾನು. ಉಂಡೆನ ವಾಪಸ್ ತನ್ನಿ ಅನ್ನಲಿಲ್ಲ." ಅವಳ ದನಿ ಏರಲಿಲ್ಲ. "ಹಳೇ ಗಿರಾಕಿ ಬಂದು, ಹೋದ ವರ್ಷದ ಅಳತೆ ನಿಮ್ಮ ಹತ್ರಾನೇ ಇದೆಯಲ್ಲ, ಅದಕ್ಕೇ ಹೊಲೀರಿ ಅಂದ್ರೆ ಏನಂತೀರಿ?"

ದರ್ಜಿ ಬಗ್ಗಿ ಅಂಗಿಯ ಅಂಚನ್ನು ಎಳೆದು ನೇರ ಮಾಡಿದನು.

"ಹೇಳಿ, ಏನಂತೀರಿ?"

"ಹಳೇ ಅಳತೆಗೆ ಕತ್ತರಿ ಹಾಕಲ್ಲ ಅಂತೀನಿ."

"ಹೂಂ. ಬದುಕಿರೋನ ಮೈ ದಿನಾ ಬದಲಾಗತ್ತೆ, ಕೈ ಎತ್ತಿ ನಿಲ್ಲಿ ಅಂತೀರಿ. ಈ ಬಡಪಾಯಿಗೆ ಮಾತ್ರ ಸತ್ತವನ ಅಳತೆ."

ಅಂಗಿಯೊಳಗೆ ನಾಯಿ ಕಾಲುಗಳನ್ನು ಅಗಲಿಸಿ, ಹೆಗಲನ್ನು ಮೇಲೆತ್ತಿ ಅಲುಗದೆ ನಿಂತಿತ್ತು. ಎರವಲು ಕೋಟು ತೊಟ್ಟವನು ಹೀಗೆಯೇ ನಿಲ್ಲುತ್ತಾನೆ. ದರ್ಜಿ ಅಂಥವರನ್ನು ಎಷ್ಟು ಕಂಡಿಲ್ಲ. ಬಂದಂದಿನಿಂದ ಆ ನಾಯಿ ಸುಮ್ಮನೆ ನಿಂತದ್ದು ಇದೇ ಮೊದಲು, ಅದೂ ಹೆದರಿಕೆಯಿಂದ. ಅವನು ಮಂಡಿಯೂರಿ ಪಟ್ಟಿಯನ್ನು ಬಿಚ್ಚಿದನು. ಬಿಚ್ಚುತ್ತ, ತಲೆಯೆತ್ತದೆ ಹೇಳಿದನು:

"ಅವನು ಹೋದಾಗ ಕಾಲು ಅವನ ಮೇಲೇ ಇತ್ತು ಕಣೇ. ಗೊತ್ತಾಯ್ತು ನನಗೆ. ಆದ್ರೂ ಹೊಲಿಗೆ ಮುಗಿಸಿದೆ."

ಅವಳು ಲೋಟವೊಂದನ್ನು ಎತ್ತಿ ಅವನ ಕಡೆಗೆ ಸರಿಸಿದಳು. ಬಳಿಕ ಎಂದಳು: "ಮಿಷನ್ನು ನಿಂತಾಗಲೆಲ್ಲ ತಲೆ ಎತ್ತಿ ನೋಡ್ತಿದ್ದ ಅವನು, ಎಲ್ಲಿಗೆ ಎದ್ರೋ ಅಂತ. ಆವತ್ತು ಆ ಕಷ್ಟ ಕೊಡಲಿಲ್ಲ ನೀವು. ಚಹ ಆರ್ತಿದೆ, ಕುಡೀರಿ."

ಭಾನುವಾರ ಬೆಳಗ್ಗೆ ದರ್ಜಿ ಟೇಪನ್ನು ಕೊರಳಿಗೆ ಹಾಕಿಕೊಂಡು ನಾಯಿಯ ಮುಂದೆ ಕುಳಿತನು. ಈ ಸಲ ಕಾಗದವಿರಲಿಲ್ಲ. ಅಂಗೈಯಿಂದ ಕೂದಲನ್ನು ಒತ್ತಿ ನೋಡಿದನು: ಎದೆಯ ಸುತ್ತೆಂದು ತಾನು ಅಳೆದದ್ದರಲ್ಲಿ ಅರ್ಧ ಬರಿಯ ಕೂದಲು, ಕೆಳಗೆ ಪಕ್ಕೆಲುಬು. ಬಲಹೆಗಲು ಎಡದಕ್ಕಿಂತ ತುಸು ತಗ್ಗು; ಎಂದೋ ಬಿದ್ದ ಏಟು ಇರಬೇಕು. ಆ ಹೆಗಲನ್ನು ಮುಟ್ಟಿದಾಗ ಅದು ಮೂಗನ್ನು ಅವನ ಮಣಿಕಟ್ಟಿಗೆ ಒತ್ತಿ ಕೈಯನ್ನು ಮೆಲ್ಲಗೆ ಸರಿಸಿತು. ಗಿರಾಕಿ ಬೇಡವೆಂದ ಕಡೆ ಕೈಯಿಡುವುದು ಕಸುಬಲ್ಲ. ಅವನು ಟೇಪನ್ನು ಸುತ್ತಿಟ್ಟು, ಎದ್ದು, ಬೀದಿಬಾಗಿಲನ್ನು ಅಗಲವಾಗಿ ತೆರೆದನು. ನಾಯಿ ಹೊಸ್ತಿಲವರೆಗೆ ಹೋಯಿತು, ಮೂಸಿತು, ಅರ್ಧ ಮೈ ಒಳಗೆ, ಅರ್ಧ ಮೈ ಹೊರಗೆ ಮಾಡಿ, ಬೀದಿಗೆ ಮುಖವಿಟ್ಟು ಎಡಮಗ್ಗುಲಿಗೆ ಮಲಗಿತು.

ಭಾವಮೈದುನ ಖಾಲಿ ವ್ಯಾನು ನಿಲ್ಲಿಸಿ, ನಾಯಿಯನ್ನು ದಾಟಿಕೊಂಡು ಒಳಗೆ ಬಂದನು.

"ಏನ್ ಭಾವ, ಹೊರಡೋಣ್ವಾ?"

"ಆ ಕಡೆ ಹಿಡಿ."

"ನಾಯಿಗೆ ಇಬ್ಬರು ಬೇಕಾ?"

"ನಾಯಿ ಅಲ್ಲವೋ, ಮಿಷನ್ನು."

ಇಬ್ಬರೂ ಏದುಸಿರು ಬಿಡುತ್ತ ಆ ಕಬ್ಬಿಣದ ಯಂತ್ರವನ್ನು ಹೊತ್ತು, ಅಷ್ಟು ವರ್ಷ ಅದು ನಿಂತಿದ್ದ ಜಾಗದಿಂದ ಬಾಗಿಲ ಪಕ್ಕಕ್ಕೆ ತಂದರು. ಹಳೆಯ ಜಾಗದಲ್ಲಿ ನಾಲ್ಕು ಕಾಲುಗಳ ಗುರುತೂ, ಮೂಲೆಯಲ್ಲಿ ಸವೆದು ನುಣುಪಾದ ನೆಲವೂ ಉಳಿದವು.

"ನಾಯಿ ಒಯ್ಯೋಕೆ ಬಂದವನ ನಡು ಮುರಿದ್ರಿ" ಎಂದ ಭಾವಮೈದುನ. "ಬಾಗಿಲಿಗೆ ಅಡ್ಡ ಇದು, ಹೊಸ್ತಿಲಿಗೆ ಅಡ್ಡ ಅವಳು. ಗಿರಾಕಿ ಹಾರ್ಕೊಂಡು ಬರ್ಬೇಕಾ?"

ಮೆಟ್ಟಿಲ ಮೇಲಿಂದ ಅಕ್ಕ ಉತ್ತರ ಕೊಟ್ಟಳು: "ಕೋಟು ಬೇಕಾದೋನು ಹಾರ್ತಾನೆ ಬಿಡು. ನೀನು ಕೈ ತೊಳ್ಕೊಂಡು ಬಾ, ತಿಂಡಿ ಇದೆ."

ದರ್ಜಿ ಕಹಳೆಯವನ ಕೋಟನ್ನು ತೆಗೆದುಕೊಂಡು ಕುಳಿತು ಎರಡೂ ಪಾದಗಳನ್ನು ಹಲಗೆಯ ಮೇಲೆ ಇಟ್ಟನು. ಎಡಗಾಲು ಒಮ್ಮೆ ಪಕ್ಕಕ್ಕೆ ಜಾರಿ ಖಾಲಿ ನೆಲವನ್ನು ಮುಟ್ಟಿತು. ಅವನು ಅದನ್ನು ಎತ್ತಿ ಮತ್ತೆ ಹಲಗೆಗೆ ತಂದನು. ಮೊದಮೊದಲು ಎರಡು ಕಾಲಿಗೂ ತಾಳ ಹೊಂದದೆ ಚಕ್ರ ಹಿಂದುಮುಂದಾಯಿತು. ಸದ್ದಿಗೆ ನಾಯಿ ಧಿಗ್ಗನೆದ್ದು ಬೀದಿಗಿಳಿದು, ನಾಲ್ಕು ಹೆಜ್ಜೆ ಹೋಗಿ ನಿಂತು ತಿರುಗಿ ನೋಡಿತು. ಕರೆಯೋಣವೆಂದರೆ ಅದಕ್ಕಿನ್ನೂ ಹೆಸರಿರಲಿಲ್ಲ. ಅವನು ತುಳಿಯುತ್ತಲೇ ಇದ್ದನು. ತನ್ನನ್ನು ಯಾರೂ ಹಿಡಿಯಲು ಬಾರದಿರುವುದನ್ನು ಕಂಡು ನಾಯಿ ಮರಳಿ, ಮೂರು ಸುತ್ತು ತಿರುಗಿ, ಹೊಸ್ತಿಲ ಮೇಲೆ ಉರುಳಿತು. ತೋಳು ಅರ್ಧಕ್ಕೆ ಬಂದಾಗ ಮತ್ತೆ ಎದ್ದಿತು; ಮುಗಿಯುವ ಹೊತ್ತಿಗೆ ಮತ್ತೆ ಬಂದಿತ್ತು.

ದಾರ ಕತ್ತರಿಸಿ ಅವನು ಕೋಟನ್ನು ಹೆಂಡತಿಯ ಕೈಗೆ ಕೊಟ್ಟನು. ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಎಡ ಯಾವುದು ಬಲ ಯಾವುದು ಎಂದು ತನ್ನ ಕೈಗೇ ತಾಳೆ ಹಾಕಿ ನೋಡಿದಳು.

"ಊದೋನು ಈ ಸಲ ಮುಂದಕ್ಕೇ ಊದ್ತಾನೆ" ಎಂದು, ಕಾಜ ಕಟ್ಟಲು ಸೂಜಿಗೆ ದಾರ ಪೋಣಿಸತೊಡಗಿದಳು.

ಅಷ್ಟರಲ್ಲಿ ನಾಯಿ ಎದ್ದು, ಮೈ ಕೊಡವಿ, ಬೀದಿಯ ತಿರುವಿನ ಕಡೆಗೆ ನಡೆಯಿತು.

"ಎಲ್ಲಿಗ್ರೀ ಹೊರಟಳು ಇವಳು?"

"ಹೋಗಿ ಬರಲಿ" ಎಂದು ದರ್ಜಿ ಮುಂದಿನ ಕೋಟಿನ ತೋಳನ್ನು ಕೈಗೆತ್ತಿಕೊಂಡು, ಎಡವೋ ಬಲವೋ ನೋಡಿಕೊಂಡು, ಎರಡೂ ಕಾಲಿನಿಂದ ತುಳಿಯಲಾರಂಭಿಸಿದನು.