ಜಲಜಾಕ್ಷಿಗೆ ನೀರೆಂದರೆ ಹೆದರಿಕೆಯಂತೆ

ಕಮಲಾಕ್ಷರು ಒಳ್ಳೆಯ ಮನುಷ್ಯರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನೆಲ್ಲ ಓದಿದ ಮೇಲೆ ನಿಮಗೆ ಹಾಗನ್ನಿಸಲಿಕ್ಕಿಲ್ಲ. ಸಿಡ್ನಿಗೆ ಹೊಸದಾಗಿ ಬಂದವರನ್ನು ಏರ್‌ಪೋರ್ಟಿನಿಂದ ಕರೆತರುವವರು ಅವರೇ, ಮನೆ ಬದಲಿಸುವವರ ಫ್ರಿಜ್ಜಿಗೆ ಹೆಗಲು ಕೊಡುವವರೂ ಅವರೇ. ಆದರೆ ಅವರ ಒಳ್ಳೆಯತನಕ್ಕೆ ಬೇಕಾದ ಅಡುಗೆಯೆಲ್ಲ ಹೆಂಡತಿ ಜಲಜಾಕ್ಷಿಯ ಕೈಯಲ್ಲೇ ಆಗಬೇಕಿತ್ತು. ನನ್ನ ತಕರಾರು ಅಷ್ಟೇ.

ಅವರು ಉಡುಪಿ ಕಡೆಯವರು. ಸಿಡ್ನಿಗೆ ಬರುವ ಮೊದಲು ಎಂಟು ವರ್ಷ ಮಲೇಷ್ಯಾದಲ್ಲಿದ್ದರು. ಕಮಲಾಕ್ಷರು ದೊಡ್ಡ ಕಟ್ಟಡಗಳ ಏರ್ ಕಂಡೀಷನಿಂಗ್ ನೋಡಿಕೊಳ್ಳುವ ಎಂಜಿನಿಯರ್. ಪೆಟಾಲಿಂಗ್ ಜಯಾದಲ್ಲಿ ಫ್ಲ್ಯಾಟು, ಕೆಳಗೆ ಎಲ್ಲರಿಗೂ ಸೇರಿದ ಈಜುಕೊಳ. ಅಲ್ಲಿನ ಭಾನುವಾರಗಳ ಸುದ್ದಿ ತೆಗೆದರೆ ಜಲಜಾಕ್ಷಿಯ ದನಿಯೇ ಬದಲಾಗುತ್ತಿತ್ತು. ಭಾನುವಾರ ಆ ಮನೆಯಲ್ಲಿ ಒಲೆ ಹಚ್ಚುವ ಮಾತೇ ಇರಲಿಲ್ಲವಂತೆ. ಬೆಳಗ್ಗೆ ಬೀದಿಬದಿಯ ಅಂಗಡಿಯಲ್ಲಿ ರೋಟಿ ಚನಾಯ್, ಬೇಳೆ ಸಾರು, ಎತ್ತರದಿಂದ ಸುರಿದ ನೊರೆ ಚಹಾ. ಆಮೇಲೆ ಯಾವುದಾದರೂ ಜಲಪಾತಕ್ಕೋ ಪೋರ್ಟ್ ಡಿಕ್ಸನ್ ಸಮುದ್ರಕ್ಕೋ ಹೋಗುವುದು. ಸಂಜೆ ಸಂತೆಯಲ್ಲಿ ಸುಟ್ಟ ಮೀನು ತಿಂದು ಮನೆಗೆ ಬರುವುದು. ಕಮಲಾಕ್ಷರಿಗೆ ಆಗ ಮೈಕು ಹಿಡಿದು ಕ್ಯಾರಿಯೋಕೆ ಹಾಡುವ ಹುಚ್ಚು. ಜಲಜಾಕ್ಷಿಗೆ ಈಜು.

ಈಜು ಕಲಿಸಿದ್ದು ಪಕ್ಕದ ಫ್ಲ್ಯಾಟಿನ ಮಿಸೆಸ್ ಟಾನ್ ಎಂಬ ಚೀನೀ ಹೆಂಗಸು. ಮಲ್ಪೆಯ ಸಮುದ್ರದ ಪಕ್ಕದಲ್ಲೇ ಹುಟ್ಟಿದರೂ ಹೆಣ್ಣುಮಕ್ಕಳಿಗೆ ಈಜು ಕಲಿಸುವವರು ಯಾರಿದ್ದರು? ಮಗಳು ಅಪೇಕ್ಷಾ ಹುಟ್ಟಿದ ಮೇಲೆ ಬೆನ್ನುನೋವೆಂದು ಕೊಳಕ್ಕೆ ಇಳಿದವಳು ಮತ್ತೆ ಬಿಡಲಿಲ್ಲ. ಟ್ರ್ಯಾಕ್ ಪ್ಯಾಂಟು, ಉದ್ದ ತೋಳಿನ ಟೀ ಶರ್ಟು ಹಾಕಿಕೊಂಡು ಅಲ್ಲಿಯ ಮಲಯ ಹೆಂಗಸರ ಜೊತೆ ಪೋರ್ಟ್ ಡಿಕ್ಸನ್ನಿನ ನೀರಲ್ಲಿ ದೂರ ಹೋಗಿ ಬರುತ್ತಿದ್ದಳಂತೆ. "ನೀರೊಳಗೆ ತಲೆ ಹಾಕಿದ್ರೆ ಯಾರು ಕರೆದದ್ದೂ ಕೇಳುದಿಲ್ಲ ವಸಂತಾ. ಎಂತ ಸುಖ ಗೊತ್ತುಂಟಾ ಅದು," ಎಂದು ನನಗೆ ಹೇಳಿದ್ದಳು.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಪರಿಚಯವಾಗಿ ನಾಲ್ಕು ವರ್ಷವಾದ ಮೇಲೆ. ಅಲ್ಲಿಯವರೆಗೆ ನಾನು ನಂಬಿದ್ದು ಕಮಲಾಕ್ಷರ ಮಾತನ್ನು: ಜಲಜಾಗೆ ನೀರೆಂದರೆ ಹೆದರಿಕೆ.

ಸಿಡ್ನಿಗೆ ಬಂದ ಮೇಲೆ ಕ್ಯಾರಿಯೋಕೆ ಮೆಷೀನು ಗ್ಯಾರೇಜು ಸೇರಿತು. ಅದರ ಜಾಗದಲ್ಲಿ ಕಮಲಾಕ್ಷರಿಗೆ ಹೊಸ ಹುಚ್ಚು ಹತ್ತಿತು, ಜನರನ್ನು ಸೇರಿಸಿ ಊಟ ಹಾಕುವುದು. ಭಾನುವಾರ ಬಂತೆಂದರೆ ನಾಲ್ಕೈದು ಮನೆಗಳಿಗೆ ಫೋನು. "ಬ್ರೈಟನ್ ಬೀಚಿಗೆ ಹೋಗುವ. ಎಂತದೂ ತರ್ಬೇಡಿ ಮಾರ್ರೆ, ಜಲಜಾ ಮಾಡ್ತಾಳೆ." ಜನರೂ ಎಂಥವರು ನೋಡಿ, ಎಂತದೂ ತರಬೇಡಿ ಎಂದರೆ ನಿಜವಾಗಿಯೂ ತರುತ್ತಿರಲಿಲ್ಲ. ಒಬ್ಬರು ಪೇಪರ್ ಪ್ಲೇಟು, ಇನ್ನೊಬ್ಬರು ಚಿಪ್ಸಿನ ಪೊಟ್ಟಣ ಹಿಡಿದುಕೊಂಡು ಬಂದು ದೊಡ್ಡ ಉಪಕಾರ ಮಾಡಿದವರ ಮುಖದಲ್ಲಿ ನಿಲ್ಲುತ್ತಿದ್ದರು. ಜಲಜಾಕ್ಷಿ ಕೋಳಿ ಸುಕ್ಕ, ನೀರುದೋಸೆ ಮಾಡಿ, ನಮ್ಮಂಥ ಸಸ್ಯಾಹಾರಿಗಳಿಗೆ ಬೇರೆ ಪಾತ್ರೆಯಲ್ಲಿ ಪಲ್ಯ, ಚಿತ್ರಾನ್ನ ಮಾಡಿ, ಬೀಚಿಗೆ ಬಂದು ಸಣ್ಣ ಗ್ಯಾಸ್ ಒಲೆಯ ಮುಂದೆ ಕೂತು ಬಿಸಿಬಿಸಿ ಗೋಳಿಬಜೆ ಕರಿಯುತ್ತಿದ್ದಳು. ಗಂಡಸರು ಅಲೆಗಳಲ್ಲಿ ಕುಣಿದು ಬಂದು ತಟ್ಟೆ ಚಾಚುತ್ತಿದ್ದರು. ಅವಳ ಕಾಲಿಗೆ ಸಮುದ್ರದ ನೀರು ತಾಗುತ್ತಿದ್ದುದು ಪಾತ್ರೆ ತೊಳೆಯುವ ಮೊದಲು ಎಣ್ಣೆ ಜಿಡ್ಡಿಗೆ ಮರಳು ತರಲು ಹೋದಾಗ ಮಾತ್ರ.

ಒಂದು ಸಲ ಯಾರೋ ಕೇಳಿದರಂತೆ, "ಮೇಡಮ್ ನೀರಿಗೆ ಇಳಿಯೋದೇ ಇಲ್ವಲ್ಲ?" ಅವಳಿಗೆ ಬಜೆ ಕರಿಯುವ ಕೆಲಸವಿದೆ ಎಂದು ಹೇಳಲು ಕಮಲಾಕ್ಷರಿಗೆ ಬಾಯಿ ಬರಬೇಕಲ್ಲ. "ಅವಳಿಗೆ ನೀರಂದ್ರೆ ಹೆದರಿಕೆ," ಎಂದುಬಿಟ್ಟರು. ಒಂದು ಸಲ ಹೇಳಿದ ಮೇಲೆ ಸುಲಭವಾಯಿತು. ಎಲ್ಲ ಬೀಚಿನಲ್ಲೂ ಅದನ್ನೇ ಹೇಳಿದರು. ಮಲೇಷ್ಯಾ ಬಿಟ್ಟಾಗ ಅಪೇಕ್ಷಾಗೆ ಐದು ವರ್ಷ, ಅವಳಿಗೆ ನೆನಪೇ ಇರಲಿಲ್ಲ. "ಮಮ್ ಈಸ್ ಸ್ಕೇರ್ಡ್ ಆಫ್ ವಾಟರ್," ಎಂದು ಆ ಹುಡುಗಿಯೂ ಗೆಳತಿಯರಿಗೆ ಹೇಳುತ್ತ ಓಡಾಡಿತು.

ನಿಜ ತಿಳಿದ ದಿನ ನನಗೆ ಮೈ ಉರಿದುಹೋಯಿತು. "ನೀನ್ಯಾಕೆ ಸುಮ್ನಿದ್ದೀಯ? ಎಲ್ಲರ ಎದುರಿಗೆ ಹೇಳ್ಬಾರ್ದಾ?" ಎಂದು ಗದರಿದೆ.

"ಒಂದ್ಸಲ ಹೇಳಿದೆ. ಕಾರು ಹತ್ತಿದ ಮೇಲೆ, ಎಲ್ರ ಎದ್ರು ನನ್ನ ಮಾತು ಸುಳ್ಳು ಮಾಡಿದ್ಯಲ್ಲ ಅಂತ ಎರಡು ದಿನ ಮಾತಾಡ್ಲಿಲ್ಲ ಅವ್ರು. ಆ ಮುಖ ನೋಡುದಕ್ಕಿಂತ ಬಜೆ ಕಾಯಿಸುದೇ ಸುಲಭ ಮಾರಾಯ್ತಿ." ಆಮೇಲೆ ತಾನೇ ಹೇಳಿದಳು. "ಆದ್ರೆ ಈಗೀಗ ಅಪೇಕ್ಷಾ ಹೇಳುವಾಗ ಬೇಜಾರಾಗ್ತದೆ. ಅವಳು ಒಮ್ಮೆ ನೋಡ್ಬೇಕು ನನ್ನನ್ನು. ಒಂದೇ ಸಲ ಸಾಕು."

ಆ ಒಂದು ಸಲಕ್ಕೆ ನಾವಿಬ್ಬರೂ ಮೆಲ್ಬರ್ನ್ ಎಂದು ನಿಶ್ಚಯಿಸಿದೆವು. 2007ರ ಜನವರಿ, ರಜೆಯ ವಾರಾಂತ್ಯ. ಅಲ್ಲಿನ ಟಾರ್ನೀಟ್ ಬಡಾವಣೆಯಲ್ಲಿ ನಮ್ಮೆಲ್ಲರ ಸ್ನೇಹಿತ ಭಾಸ್ಕರ ಹೊಸ ಮನೆ ಕಟ್ಟಿಸಿದ್ದ. ಶನಿವಾರ ಗೃಹಪ್ರವೇಶ, ಭಾನುವಾರ ಬೀಚು. ಪರ ಊರು, ಪರರ ಅಡುಗೆಮನೆ. ಅಲ್ಲಿ ಅವಳ ಕೈಯಲ್ಲಿ ಅಡುಗೆ ಮಾಡಿಸಲು ಸಾಧ್ಯವೇ ಇಲ್ಲ ಎಂದು ನಮ್ಮ ಲೆಕ್ಕಾಚಾರ. ಜಲಜಾಕ್ಷಿ ಗಂಡನಿಗೆ ನನ್ನೆದುರೇ ಹೇಳಿದಳು. "ಮೆಲ್ಬರ್ನಲ್ಲಿ ನಾನು ಸೌಟು ಮುಟ್ಟುದಿಲ್ಲ. ಸಮುದ್ರಕ್ಕೆ ಇಳಿಯುವವಳು." ಕಮಲಾಕ್ಷರು ಟೀವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದವರು, "ಆಯ್ತಾಯ್ತು, ಇಳಿ," ಎಂದರು. ಅವರು ಕೇಳಿಸಿಕೊಂಡರೆಂದು ನಾವು ತಿಳಿದೆವು. ತಪ್ಪು ನಮ್ಮದೇ.

ನಾನೂ ನಮ್ಮವರೂ, ಎಂದರೆ ನನ್ನ ಗಂಡ ಚಕ್ರಪಾಣಿ, ಒಂದು ಕಾರಿನಲ್ಲಿ; ಕಮಲಾಕ್ಷರ ಸಂಸಾರ ಇನ್ನೊಂದರಲ್ಲಿ. ಇಡೀ ದಿನದ ಡ್ರೈವು. ದಾರಿಯಲ್ಲಿ ನಿಂತಲ್ಲೆಲ್ಲ ಕಮಲಾಕ್ಷರ ಡಿಕ್ಕಿಯಿಂದ ಒಂದೊಂದು ಡಬ್ಬಿ ಹೊರಗೆ ಬರುತ್ತಿತ್ತು. ಡಬ್ಬಿಗಳ ಹಿಂದೆ ಗ್ಯಾಸ್ ಒಲೆಯನ್ನೂ ಬಾಣಲೆಯನ್ನೂ ನಾನು ಕಂಡೆ. ಅದು ಡಿಕ್ಕಿಯಲ್ಲೇ ವಾಸ ಮಾಡುವ ಸಾಮಾನು ಎಂದುಕೊಂಡೆ.

ಗೃಹಪ್ರವೇಶದ ಊಟಕ್ಕೆ ಕೇಟರಿಂಗ್. ಜಲಜಾಕ್ಷಿ ರೇಷ್ಮೆ ಸೀರೆ ಉಟ್ಟು, ಎಲೆಯ ಮುಂದೆ ಕೂತು, ಇನ್ನೊಬ್ಬರು ಬಡಿಸಿದ್ದನ್ನು ಉಂಡಳು. ಅವಳು ಹಾಗೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಪಾಯಸ ಬರುವ ಹೊತ್ತಿಗೆ ಕಮಲಾಕ್ಷರು ಎದ್ದು ನಿಂತರು. "ನಾಳೆ ಎಲ್ರೂ ವಿಲಿಯಮ್ಸ್‌ಟೌನ್ ಬೀಚಿಗೆ ಬರ್ಬೇಕು. ಗೋಳಿಬಜೆ ನಮ್ಮದು."

ಭಾಸ್ಕರನಾದರೂ ತಡೆಯಬಹುದಿತ್ತು. "ಸೂಪರ್ ಸರ್. ಡ್ರಿಂಕ್ಸ್ ನಾನ್ ಅರೇಂಜ್ ಮಾಡ್ತೀನಿ," ಎಂದ. ನಾನು ಜಲಜಾಕ್ಷಿಯ ಮುಖ ನೋಡಿದೆ. ಅವಳು ಪಾಯಸ ಕುಡಿದು ಮುಗಿಸಿ, ಎದ್ದು ಭಾಸ್ಕರನ ಹೆಂಡತಿಯ ಹತ್ತಿರ ಹೋಗಿ ಮೈದಾ ಎಲ್ಲಿದೆ, ಮೊಸರು ಎಷ್ಟಿದೆ ಎಂದು ಕೇಳಿದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಇವಳ ಕರ್ಮ, ಇವಳೇ ಅನುಭವಿಸಲಿ ಎಂದುಕೊಂಡೆ.

ಭಾನುವಾರ ಬೆಳಗ್ಗೆ ಬೀಚಿನ ಪಕ್ಕದ ಹುಲ್ಲಿನ ಮೇಲೆ ಚಾಪೆ ಹಾಸಿದ್ದಾಯಿತು. ಒಂದೊಂದೇ ಸಂಸಾರ ಕೊಡೆ, ಮಕ್ಕಳು, ಚೆಂಡುಗಳ ಸಮೇತ ಬಂದಿಳಿಯಿತು. ಯಾರ ಕೈಯಲ್ಲೂ ಒಂದು ಬಾಳೆಹಣ್ಣೂ ಇರಲಿಲ್ಲ. ಕಮಲಾಕ್ಷರು ಒಲೆ ಹೂಡಿ, ಬಾಣಲೆ ಇಟ್ಟು, "ಜಲಜಾ, ಬಾ," ಎಂದು ಕೂಗಿದರು.

ಜಲಜಾಕ್ಷಿ ಬಂದಳು. ಹಿಟ್ಟಿನ ಡಬ್ಬಿ ತೆರೆದು ಅವರ ಮುಂದಿಟ್ಟಳು. ಜಾಲರಿ ಸೌಟನ್ನು ಅವರ ಕೈಗೆ ಕೊಟ್ಟಳು. "ಹಿಟ್ಟು ಇಲ್ಲುಂಟು, ಎಣ್ಣೆ ಅಲ್ಲುಂಟು. ಉಪ್ಪು ನೋಡಿದ್ದೇನೆ," ಎಂದು ಹೇಳಿ ಚೀಲ ತೆಗೆದುಕೊಂಡು ಬಟ್ಟೆ ಬದಲಿಸುವ ಕೋಣೆಯ ಕಡೆ ಹೋದಳು. ಕಮಲಾಕ್ಷರು ಅದನ್ನು ತಮಾಷೆ ಎಂದು ತಿಳಿದು ಎಲ್ಲರ ಕಡೆ ನೋಡಿ ನಕ್ಕರು. ನಗುತ್ತಲೇ ಮೊದಲ ಬಜೆ ಬಿಟ್ಟರು. ಹಿಟ್ಟು ಬೆರಳಿಗೆ ಅಂಟಿಕೊಂಡು ಬಾಣಲೆಗೆ ಬೀಳಲೇ ಇಲ್ಲ. ಗಂಡಸರು ಸುತ್ತ ನಿಂತು ಸಲಹೆ ಕೊಡತೊಡಗಿದರು. ಹತ್ತು ಜನ ಸಲಹೆ ಕೊಟ್ಟರು, ಕೈ ಹಾಕಿದವರು ಒಬ್ಬರೂ ಇಲ್ಲ.

ಹಳೆಯ ಟ್ರ್ಯಾಕ್ ಪ್ಯಾಂಟು, ಉದ್ದ ತೋಳಿನ ಟೀ ಶರ್ಟು ಹಾಕಿಕೊಂಡು ಜಲಜಾಕ್ಷಿ ನೀರಿಗೆ ಇಳಿಯುವುದನ್ನು ನಾನೊಬ್ಬಳೇ ನೋಡುತ್ತಿದ್ದೆ. ಈಜುವ ಜಾಗಕ್ಕೆ ಗುರುತು ನೆಟ್ಟ ಕೆಂಪು ಹಳದಿ ಬಾವುಟಗಳ ನಡುವೆ, ಸೊಂಟ ಮುಳುಗುವವರೆಗೆ ಮೆಲ್ಲಗೆ ನಡೆದಳು. ಒಂದು ಕ್ಷಣ ನಿಂತಳು. ಆಮೇಲೆ ತಲೆ ಒಳಗೆ ಹಾಕಿದಳು. ಆಚೆ ತಲೆ ಎದ್ದಾಗ ಅವಳ ಕೈಗಳು ಸಮನಾಗಿ ಬೀಳುತ್ತಿದ್ದವು, ಆತುರವಿರಲಿಲ್ಲ. ಐದು ವರ್ಷ ನೀರು ಮುಟ್ಟದವಳು ಎಂದು ಯಾರೂ ಹೇಳುವಂತಿರಲಿಲ್ಲ. ನೋಡುತ್ತ ನನ್ನ ಕಣ್ಣು ತುಂಬಿತು. ಅಪೇಕ್ಷಾಳನ್ನು ಕರೆದು ತೋರಿಸೋಣವೆಂದು ತಿರುಗಿದೆ.

ಅಷ್ಟರಲ್ಲಿ ಅವಳೇ ನೋಡಿದ್ದಳು. "ಡ್ಯಾಡ್! ಮಮ್ ಈಸ್ ಔಟ್ ದೇರ್! ಶಿ ಕಾಂಟ್ ಸ್ವಿಮ್!"

ಕಮಲಾಕ್ಷರು ಸೌಟಿನ ಸಮೇತ ಓಡಿದರು. ಮರಳಿನಲ್ಲಿ ಎಡವಿ ಬಿದ್ದು, ಎದ್ದು, ಕಾವಲಿಗಿದ್ದ ಲೈಫ್‌ಸೇವರ್ ಹುಡುಗಿಯ ಮುಂದೆ ನಿಂತು, "ಮೈ ವೈಫ್, ಮೈ ವೈಫ್, ಶಿ ಕಾಂಟ್ ಸ್ವಿಮ್," ಎಂದು ಕೈ ತೋರಿಸಿದರು. ನಾನು ಹಿಂದೆಯೇ ಓಡಿ, "ರೀ, ಅವಳಿಗೆ ಈಜು ಬರತ್ತೆ, ನಿಮಗೇ ಗೊತ್ತಲ್ಲ," ಎಂದು ಅವರ ತೋಳು ಹಿಡಿದು ಎಳೆದೆ. ಅವರ ಕಿವಿಗೆ ಏನೂ ಬೀಳಲಿಲ್ಲ. ಗಂಡನೇ ಹೇಳುವಾಗ ಆ ಹುಡುಗಿ ನನ್ನ ಮಾತು ಯಾಕೆ ಕೇಳಿಯಾಳು? ಮುಳುಗುವವರನ್ನು ತರುವ ತೇಲುಹಲಗೆ ಎತ್ತಿಕೊಂಡು ನೀರಿಗೆ ಹಾರಿಯೇ ಬಿಟ್ಟಳು.

ಹೀಗೆ ಜಲಜಾಕ್ಷಿಯನ್ನು, ಅಷ್ಟು ಚೆನ್ನಾಗಿ ಈಜುತ್ತಿದ್ದವಳನ್ನು, ಹಲಗೆಯ ಮೇಲೆ ಮಲಗಿಸಿ ದಡಕ್ಕೆ ತಂದರು. ಬಂದವರೆಲ್ಲ ದಡದಲ್ಲಿ ಗುಂಪುಗಟ್ಟಿದ್ದರು. ಯಾರೋ ಟವೆಲ್ ಹೊದಿಸಿದರು. ಯಾರೋ ಅಪೇಕ್ಷಾಳ ತಲೆ ಸವರಿ, ಅಮ್ಮನಿಗೆ ಏನೂ ಆಗಲಿಲ್ಲ ಪುಟ್ಟಿ ಎಂದರು. ಇನ್ನು ಇಪ್ಪತ್ತು ವರ್ಷ ಎಲ್ಲ ಊಟದಲ್ಲೂ ಇದೇ ಕಥೆ ಹೇಳುತ್ತಾರೆ ಎಂದು ನನಗೆ ಅಲ್ಲೇ ಗೊತ್ತಾಗಿ ತಲೆ ಚಿಟ್ಟು ಹಿಡಿಯಿತು.

ಲೈಫ್‌ಸೇವರ್ ಹುಡುಗಿ ಮಾತ್ರ ಕಮಲಾಕ್ಷರ ಹತ್ತಿರ ಬಂದು ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದಳು. ಆಕೆ ಚೆನ್ನಾಗಿ ಈಜುತ್ತಿದ್ದರು, ನೀವು ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕೆ ಕರೆತಂದೆ, ನೀವು ಅವರ ಗಂಡನೇ ತಾನೆ ಎಂದು ಕೇಳಿದಳು. ಅಪೇಕ್ಷಾ ಅಪ್ಪನನ್ನೂ ಅಮ್ಮನನ್ನೂ ಬಾರಿ ಬಾರಿ ನೋಡಿದಳು.

ಜಲಜಾಕ್ಷಿ ಎದ್ದು ಗಂಡನ ಎದುರು ನಿಂತಳು. ಇಷ್ಟು ವರ್ಷದ್ದೆಲ್ಲ ಈಗ ಹೊರಗೆ ಬರಲಿ ಎಂದು ನಾನು ಕಾದೆ. ಆದರೆ ಕಮಲಾಕ್ಷರು ನಡುಗುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು. ಅದು ನಾಟಕವಾಗಿರಲಿಲ್ಲ.

"ನಾನು ನಿಜವಾಗಿ ಹೆದರಿದೆ ಜಲಜಾ," ಎಂದರು. "ನಿನಗೆ ಈಜ್ಲಿಕ್ಕೆ ಬರ್ತದೆ ಅಂತ ನೆನಪೇ ಆಗ್ಲಿಲ್ಲ. ದೇವರಾಣೆ, ಮರೆತೇಹೋಗಿತ್ತು."

ಸುಳ್ಳು ಹೇಳಿದ್ದೆ ಎಂದಿದ್ದರೆ ಅವಳು ಜಗಳವಾಡುತ್ತಿದ್ದಳು. ಜಗಳಕ್ಕೆ ಅವಳು ಸಿದ್ಧವಾಗಿಯೇ ಬಂದಿದ್ದಳು. ಮರೆತುಹೋಗಿತ್ತು ಎಂಬ ಮಾತಿಗೆ ಅವಳ ಹತ್ತಿರ ಏನೂ ಇರಲಿಲ್ಲ. ಅವರ ಮುಖವನ್ನೇ ನೋಡುತ್ತ ನಿಂತಳು. ನಾನು ಹತ್ತಿರ ಹೋಗಿ ಭುಜ ಹಿಡಿಯಲು ನೋಡಿದರೆ ಬೇಡವೆಂದು ಕೈ ಸರಿಸಿದಳು.

ಆಮೇಲೆ ಟವೆಲ್ ತೆಗೆದು ಅವರ ಕೈಗೆ ಕೊಟ್ಟಳು.

"ಕೂತ್ಕೊಳ್ಳಿ ಇಲ್ಲಿ," ಎಂದಳು. "ನೀನೂ ಕೂತ್ಕೋ ಅಪೇಕ್ಷಾ. ನಾನು ಹೋಗಿ ಬರುವವರೆಗೆ ಇಬ್ರೂ ನೋಡಿ."

ತಿರುಗಿ ನಡೆದು ನೀರಿಗೆ ಇಳಿದಳು. ಕಮಲಾಕ್ಷರು ಒದ್ದೆ ಮರಳಿನ ಮೇಲೆ ಕೂತರು, ಪಕ್ಕದಲ್ಲಿ ಮಗಳು. ಹಿಂದಿನಿಂದ ಭಾಸ್ಕರ ಬಂದು, "ಸರ್, ಎಣ್ಣೆ ಹೊಗೆಯಾಡ್ತಿದೆ, ಆಫ್ ಮಾಡ್ಲಾ?" ಎಂದು ಕೇಳಿದ. ಕಮಲಾಕ್ಷರು ತಿರುಗಿಯೂ ನೋಡಲಿಲ್ಲ. ಅವಳು ದಡಕ್ಕೆ ವಾಪಸು ಬಂದು ಎದುರಿಗೆ ನಿಲ್ಲುವವರೆಗೂ ಅವರು ಹಾಗೇ ಕೂತಿದ್ದರು.